ಹಳೆ ಸೈಕಲ್ಲಿನ ಜಾತಕ

ಇಂಗ್ಲೆಂಡಿನಲ್ಲಿ ಇದು ಇಂದಿಗೂ ನಡೆಯುವ ಸಂಗತಿ. ಅಜ್ಜ ತೀರಿಕೊಂಡ ಮೇಲೆ ಮನೆಯವರು ಹಿತ್ತಲಿನ ಶೆಡ್ಡು ಖಾಲಿ ಮಾಡಲು ಹೊರಡುತ್ತಾರೆ. ಮುರಿದ ಏಣಿ, ಬಣ್ಣದ ಡಬ್ಬಿಗಳ ಹಿಂದೆ ಒಂದು ಸೈಕಲ್ಲು. ಟೈರು ಬಿರಿದಿದೆ, ಚೈನು ತುಕ್ಕು ಹಿಡಿದಿದೆ. ಹೊರಗಿಡೋಣವೆಂದು ಎತ್ತಿದರೆ ಅಚ್ಚರಿ. ಒಂದೇ ಕೈಯಲ್ಲಿ ಮೇಲೆದ್ದು ಬರುತ್ತದೆ! ಮನೆಯ ಹುಡುಗನಿಗೆ ಎಲ್ಲಿಲ್ಲದ ಉತ್ಸಾಹ. ಎಮರಿ ಕಾಗದ ಹಿಡಿದು ಉಜ್ಜುತ್ತಾನೆ, ಹೊಸ ಬಣ್ಣ ಬಳಿಯುತ್ತಾನೆ. ಸಂಜೆಯ ಹೊತ್ತಿಗೆ ಸೈಕಲ್ಲು ಫಳಫಳ. ಮನೆಮಂದಿಯೆಲ್ಲ ಭೇಷ್ ಎನ್ನುತ್ತಾರೆ. ಆದರೆ ಆ ಒಂದು ದಿನದಲ್ಲಿ ಅಳಿಸಿಹೋದದ್ದೇನು ಎಂಬುದು ಯಾರಿಗೂ ತಿಳಿಯುವುದಿಲ್ಲ.

ಅಳಿಸಿಹೋದದ್ದು ಆ ಸೈಕಲ್ಲಿನ ಜಾತಕ.

ಇಂಥ ಸೈಕಲ್ಲುಗಳಿಗೆ ಅಲ್ಲಿ 'ಲೈಟ್‌ವೇಟ್' ಎಂದೇ ಹೆಸರು. ನಮ್ಮೂರಿನ ಹಾಲಿನವರ ಸೈಕಲ್ಲು ಇಪ್ಪತ್ತು ಕಿಲೋ ತೂಗಿದರೆ ಇವು ಸುಮಾರು ಹತ್ತು-ಹನ್ನೆರಡು ಕಿಲೋ. 1930ರಿಂದ 1960ರ ದಶಕದವರೆಗೆ ಇಂಗ್ಲೆಂಡಿನ ಊರೂರಲ್ಲೂ ಸೈಕಲ್ ಕ್ಲಬ್ಬುಗಳಿದ್ದವು. ಸಾರ್ವಜನಿಕ ರಸ್ತೆಯಲ್ಲಿ ಎಲ್ಲರೂ ಒಟ್ಟಿಗೆ ಹೊರಡುವ ಪಂದ್ಯಕ್ಕೆ ಅಲ್ಲಿನ ಸೈಕಲ್ ಒಕ್ಕೂಟದ ನಿಷೇಧವಿತ್ತು. ಹಾಗಾಗಿ ಸವಾರರು ಬೆಳಗಿನ ಜಾವದಲ್ಲಿ ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಓಡಿಸುತ್ತಿದ್ದರು. 1942ರಲ್ಲಿ ಪರ್ಸಿ ಸ್ಟಾಲರ್ಡ್ ಎಂಬಾತ ನಿಷೇಧ ಮುರಿದು ಲ್ಯಾಂಗೊಲನ್‌ನಿಂದ ವುಲ್ವರ್‌ಹ್ಯಾಂಪ್ಟನ್‌ಗೆ ಪಂದ್ಯ ನಡೆಸಿದ್ದು ಅಂದು ದೊಡ್ಡ ಗಲಾಟೆಯೇ ಆಯಿತು.

ಪಂದ್ಯದ ಜಾಗಕ್ಕೆ ಹೋಗುವುದೂ ಅದೇ ಸೈಕಲ್ಲಿನಲ್ಲಿ. ಪಂದ್ಯದ ಹಗುರ ಚಕ್ರಗಳನ್ನು ಮುಂದಿನ ಅಚ್ಚಿನ ಎರಡೂ ಬದಿಗೆ ಕಟ್ಟಿಕೊಂಡು, ಮಡ್‌ಗಾರ್ಡ್ ಹಾಕಿಕೊಂಡು ಹೊರಡುವುದು. ಅಲ್ಲಿ ಬಿಚ್ಚಿಟ್ಟು ಓಡಿಸುವುದು. ಪಂದ್ಯದ ಫ್ರೇಮಿನಲ್ಲೂ ಮಡ್‌ಗಾರ್ಡಿನ ತೂತು, ದೀಪದ ಕೊಂಡಿ ಕಾಣುವುದು ಈ ಕಾರಣಕ್ಕೆ.

ಈ ಫ್ರೇಮುಗಳನ್ನು ಮಾಡುತ್ತಿದ್ದವರಲ್ಲಿ ಅನೇಕರು ಸಣ್ಣ ಅಂಗಡಿಕಾರರು. ಮುಂದೆ ಅಂಗಡಿ, ಹಿಂದೆ ಬೆಸುಗೆಯ ಕುಲುಮೆ. ಅಂಗಡಿ ಮುಚ್ಚಿದಾಗ ಎಷ್ಟೋ ಕಡೆ ಲೆಕ್ಕದ ಪುಸ್ತಕಗಳೂ ಹೋದವು. ಉಳಿದ ದಾಖಲೆ ಒಂದೇ: ಸೈಕಲ್ಲು. ಅದನ್ನೂ ಉಜ್ಜಿಬಿಟ್ಟರೆ?

<b>ಮೊದಲು ಓದು, ಆಮೇಲೆ ಒರೆಸು</b>

ಗುರುತಿಸುವ ಕೆಲಸ ಪತ್ತೇದಾರಿಕೆಯಂಥದ್ದು. ಮೊದಲು ಸೈಕಲ್ಲನ್ನು ತಲೆಕೆಳಗೆ ಮಾಡಿ. ಪೆಡಲಿನ ಅಚ್ಚು ಕೂರುವ ಗುಂಡನೆಯ ಕೊಳವೆಯ ಅಡಿಯಲ್ಲಿ, ಸೀಟಿನ ಕೆಳಗಿನ ಸಂದಿಯಲ್ಲಿ, ಹಿಂಚಕ್ರ ಕೂರುವ ಕವಲಿನಲ್ಲಿ ಎಲ್ಲಾದರೂ ಒಂದು ನಂಬರು ಕುಟ್ಟಿರುತ್ತದೆ. ಮುಂದಿನ ಫೋರ್ಕನ್ನು ಬಿಚ್ಚಿದಾಗ ಅದರ ಕೊಳವೆಯ ಮೇಲೂ ಅದೇ ನಂಬರಿದ್ದರೆ ಫೋರ್ಕು ಮೂಲದ್ದೇ ಎಂದು ನಂಬಬಹುದು. ಹೊಸ ಬಣ್ಣದ ದಪ್ಪ ಪದರದಡಿ ಈ ನಂಬರು ಮುಚ್ಚಿಹೋಗುತ್ತದೆ. ಹೆಚ್ಚು ಉಜ್ಜಿದರೆ ಸವೆದೇ ಹೋಗುತ್ತದೆ.

ಎರಡನೆಯದು, ಕೊಳವೆಗಳ ಸಂದು. ಕೊಳವೆಗಳನ್ನು ಜೋಡಿಸುವ ಲೋಹದ ತೋಳುಗಳಿಗೆ 'ಲಗ್' ಎನ್ನುತ್ತಾರೆ. ಕುಶಲಿಗಳು ಅವುಗಳ ಅಂಚನ್ನು ಅರದಿಂದ ಕೊರೆದು ಬಳ್ಳಿಯಂತೆ ಚೆಲುವಾಗಿಸುತ್ತಿದ್ದರು. ಲಂಡನ್ನಿನ ಟಾಟನ್‌ಹ್ಯಾಮಿನ ಹೆಚಿನ್ಸ್ ಸೈಕಲ್ಲುಗಳಲ್ಲಿ ಹಿಂಚಕ್ರದ ಕೊಳವೆಗಳೇ ಬಾಗಿ ಬಳುಕಿರುತ್ತವೆ; ಬಣ್ಣವೆಲ್ಲ ಹೋದರೂ ದೂರದಿಂದಲೇ ಗುರುತು ಸಿಗುತ್ತದೆ.

ಮೂರನೆಯದು, ಕೊಳವೆಯ ಉಕ್ಕು. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪೆನಿ 1935ರಲ್ಲಿ '531' ಎಂಬ ಮ್ಯಾಂಗನೀಸ್-ಮಾಲಿಬ್ಡಿನಮ್ ಉಕ್ಕಿನ ಕೊಳವೆಯನ್ನು ತಂದಿತು. ಇದರ ಉತ್ತಮ ಮಾದರಿಗಳಲ್ಲಿ ಬೆಸುಗೆ ಬೀಳುವ ತುದಿಗಳು ದಪ್ಪ, ನಡುವೆ ತೆಳು. ಬಲವೂ ಉಂಟು, ಹಗುರವೂ ಹೌದು. ಫ್ರೇಮಿನ ಮೇಲಿನ ಪುಟ್ಟ ಚಿತ್ರಪಟ್ಟಿಯೇ ಇದರ ಮುದ್ರೆ. ಬರೀ ಮುಖ್ಯ ಕೊಳವೆಗಳೋ, ಫೋರ್ಕು ಮತ್ತು ಹಿಂಗೊಳವೆಗಳೂ 531ರವೋ ಎಂಬುದು ಅದರ ಒಕ್ಕಣೆಯಲ್ಲಿರುತ್ತದೆ. ಪಟ್ಟಿ ಉದುರಿದ್ದರೆ ಸೀಟಿನ ಕಂಬದ ದಪ್ಪ ಅಳೆಯಿರಿ. 27.2 ಮಿಲಿಮೀಟರ್ ಬಂದರೆ ಅದು ತೆಳುಗೋಡೆಯ ಒಳ್ಳೆಯ ಕೊಳವೆ ಎಂಬುದಕ್ಕೆ ಬಲವಾದ ಸೂಚನೆ.

<b>ಬಿಡಿಭಾಗಗಳ ಸಾಕ್ಷಿ</b>

ನಾಟಿಂಗ್‌ಹ್ಯಾಮಿನ ಸ್ಟರ್ಮಿ-ಆರ್ಚರ್ ಗೇರು ಹಬ್ಬಿನ ಮೇಲೆ ತಯಾರಾದ ವರ್ಷವನ್ನೇ ಕುಟ್ಟುತ್ತಿದ್ದರು; ಯುದ್ಧಾನಂತರದವುಗಳಲ್ಲಿ ತಿಂಗಳೂ ಸಿಗುತ್ತದೆ. ಹಿಂದಿನ ಕವಲುಗಳ ನಡುವೆ 120 ಮಿಲಿಮೀಟರ್ ಅಂತರವಿದ್ದರೆ ಸಾಮಾನ್ಯವಾಗಿ ಐದು ಗೇರಿನ ಕಾಲದ್ದು. 126 ಇದ್ದರೆ ಆರೇಳು ಗೇರಿನ ಕಾಲದ್ದು.

ಆದರೆ ಎಚ್ಚರ! ಒಂದು ಸಾಕ್ಷಿಯನ್ನೇ ನಂಬಿ ತೀರ್ಪು ಕೊಡುವಂತಿಲ್ಲ. ಹಬ್ಬಿನ ಮೇಲೆ 56 ಎಂದಿದ್ದರೆ ಅದು ಹಬ್ಬಿನ ವಯಸ್ಸೇ ಹೊರತು ಫ್ರೇಮಿನದಲ್ಲ. ಚಕ್ರ ಆಮೇಲೆ ಬದಲಾಗಿರಬಹುದು. ಹೆಸರೂ ಮೋಸ ಮಾಡೀತು. ಕ್ಲಾಡ್ ಬಟ್ಲರ್ 1928ರಲ್ಲಿ ಲಂಡನ್ನಿನಲ್ಲಿ ಅಂಗಡಿ ತೆರೆದು ಹೆಸರಾದವನು. 1950ರ ದಶಕದ ಉತ್ತರಾರ್ಧದಲ್ಲಿ ಅವನ ವ್ಯಾಪಾರ ಮುಳುಗಿತು. ಹೆಸರು ಹೋಲ್ಡ್ಸ್‌ವರ್ತ್ ಕಂಪೆನಿಯ ಪಾಲಾಯಿತು. ಆಮೇಲಿನ ಸೈಕಲ್ಲುಗಳಲ್ಲೂ ಅದೇ ಹೆಸರು, ಕೈ ಮಾತ್ರ ಬೇರೆ. ನಂಬರು, ಲಗ್, ಕೊಳವೆ, ಬಿಡಿಭಾಗ ನಾಲ್ಕೂ ಒಂದೇ ಮಾತು ಹೇಳಿದಾಗಲೇ ನಿರ್ಧಾರ. 1955ರಲ್ಲಿ ಹುಟ್ಟಿದ ಬ್ರಿಟನ್ನಿನ ವೆಟರನ್-ಸೈಕಲ್ ಕ್ಲಬ್ ಇಂಥ ಮಾಹಿತಿಯನ್ನು ಕಲೆಹಾಕಿಟ್ಟು ಸಂಗ್ರಹಕಾರರಿಗೆ ನೆರವಾಗುತ್ತಿದೆ.

<b>ಉಳಿಸುವ ಬಗೆ</b>

ಬಿಚ್ಚುವ ಮೊದಲು ಎಲ್ಲ ಬದಿಯಿಂದ ಫೋಟೊ ತೆಗೆಯಬೇಕು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ನಂಬರು, ಅಕ್ಷರ, ಅಳತೆ ಬರೆದಿಡಬೇಕು. ತೆಗೆದ ಭಾಗ ಕೆಟ್ಟಿದ್ದರೂ ಎಸೆಯದೆ ಚೀಟಿ ಅಂಟಿಸಿ ಡಬ್ಬಿಯಲ್ಲಿಡಬೇಕು.

ಬಣ್ಣ ಅಲ್ಲಲ್ಲಿ ಕಿತ್ತಿದ್ದರೂ ಮೂಲ ಬಣ್ಣಕ್ಕೇ ಬೆಲೆ. ಪೆಟ್ರೋಲು, ಥಿನ್ನರು ತಾಗಿದರೆ ಅಕ್ಷರದ ಪಟ್ಟಿಗಳು ಕರಗಿ ಹೋಗಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಸೌಮ್ಯ ಸಾಬೂನು ಕಲಸಿ, ಮೆತ್ತನೆಯ ಬಟ್ಟೆಯಲ್ಲಿ ಮೊದಲು ಮರೆಯ ಜಾಗದಲ್ಲಿ ಒರೆಸಿ ನೋಡುವುದು ಜಾಣತನ. ಕ್ರೋಮಿನ ಮೇಲಿನ ತುಕ್ಕಿಗೆ ಎಮರಿ ಬೇಡ. ಅಲ್ಯುಮಿನಿಯಂ ಹಾಳೆಯನ್ನು ಮುದುರಿ ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು. ಅಲ್ಯುಮಿನಿಯಂ ಸೀಟುಕಂಬ ಉಕ್ಕಿನ ಕೊಳವೆಯಲ್ಲಿ ಕಚ್ಚಿಕೊಂಡಿದ್ದರೆ ಸುತ್ತಿಗೆ ಎತ್ತಬಾರದು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕು. ಕಾಟರ್ ಪಿನ್ನನ್ನೂ ಬಡಿಯುವ ಬದಲು ಒತ್ತಿ ತೆಗೆಯುವುದೇ ಕ್ಷೇಮ. ಚರ್ಮದ ಸೀಟನ್ನು ಎಣ್ಣೆಯಲ್ಲಿ ನೆನೆಸಿದರೆ ಜೋತುಬೀಳುತ್ತದೆ. ಚರ್ಮಕ್ಕೆಂದೇ ಇರುವ ಮೇಣವನ್ನು ತೆಳ್ಳಗೆ ಸವರಬೇಕು.

ಓಡಿಸುವ ಆಸೆಯಿದ್ದರೆ ಇನ್ನೊಂದು ಮಾತು. ಹಳೆಯ ಅಲ್ಯುಮಿನಿಯಂ ಹ್ಯಾಂಡಲ್ಲು ದಣಿದು ಒಮ್ಮೆಲೇ ಮುರಿಯಬಹುದು. ಹ್ಯಾಂಡಲ್ಲು, ಫೋರ್ಕುಗಳಲ್ಲಿ ಬಿರುಕಿದೆಯೇ ಎಂದು ಬಲ್ಲವರಿಂದ ನೋಡಿಸದೆ ಮಕ್ಕಳನ್ನು ಹತ್ತಿಸಬಾರದು.

ಈ ಕಥೆಯ ಒಂದು ಎಳೆ ನಮ್ಮ ಕಡೆಗೂ ಬಂದಿದೆ. ರೆನಾಲ್ಡ್ಸ್ ಸೇರಿದ್ದ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಸಮೂಹದ ಪಾಲುದಾರಿಕೆಯಲ್ಲೇ 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್ ಹುಟ್ಟಿತು. ಇನ್ನು ಅದಕ್ಕೂ ಮೊದಲು ವಿಲಾಯತಿಯಿಂದ ಬಂದ ರ್‍ಯಾಲಿ, ರಡ್ಜ್, ಹಂಬರ್ ಸೈಕಲ್ಲುಗಳು ನಮ್ಮ ಹಳೆ ಮನೆಗಳ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ ಇರಬಹುದು. ಅವು ಲೈಟ್‌ವೇಟ್‌ಗಳಲ್ಲ, ಗಟ್ಟಿಮುಟ್ಟಾದ ಭಾರದ ಗಾಡಿಗಳು. ಆದರೂ ಓದುವ ವಿದ್ಯೆ ಒಂದೇ. ಪೆಡಲಿನ ಪಕ್ಕದ ಹಲ್ಲುಚಕ್ರ ನೋಡಿ: ಕೊಕ್ಕರೆಯಿದ್ದರೆ ರ್‍ಯಾಲಿ, ಹಸ್ತವಿದ್ದರೆ ರಡ್ಜ್, ಸಾಲಾಗಿ ಮನುಷ್ಯಾಕೃತಿಗಳಿದ್ದರೆ ಹಂಬರ್.

ಅಜ್ಜನ ಸೈಕಲ್ಲನ್ನು ಗುಜರಿಯವನಿಗೆ ಕೊಡುವ ಮುನ್ನ ಒಂದು ಭಾನುವಾರ ಮಕ್ಕಳ ಕೈಗೆ ಟಾರ್ಚು, ಅಳತೆಪಟ್ಟಿ, ನೋಟ್‌ಬುಕ್ಕು ಕೊಟ್ಟು ನೋಡಿ. ಬಣ್ಣದ ಡಬ್ಬಿಯನ್ನು ಮಾತ್ರ ಆ ದಿನ ಕೊಡಬೇಡಿ.