ಮಗಳ ಸ್ಕೇಟ್‌ಬೋರ್ಡಿಗಾಗಿ ನಾವು ಅಲೆದ ನಾಲ್ಕು ಅಂಗಡಿ

ಮಗಳ ಎಂಟನೇ ಹುಟ್ಟುಹಬ್ಬಕ್ಕೆ ನಾವು ಕೊಟ್ಟ ಸ್ಕೇಟ್‌ಬೋರ್ಡ್ ಮೂರು ವಾರ ಕೂಡ ಬಾಳಲಿಲ್ಲ. ಮುರಿದು ಹೋಯ್ತು ಅಂತಲ್ಲ. ಅದು ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಸೇರಿಕೊಂಡಿತು, ಅಷ್ಟೇ. ಒಂದು ದಿನ ಕಸ ಗುಡಿಸುವಾಗ ಕೈಗೆ ಸಿಕ್ಕಿತು. "ಯಾಕೆ ಪುಟ್ಟಾ, ಇದನ್ನ ಆಡೋದೇ ಇಲ್ವಲ್ಲ?" ಅಂದೆ. ಅವಳು ಟೀವಿಯಿಂದ ಕಣ್ಣು ತೆಗೆಯದೆ, "ನಂಗೆ ಬ್ಯಾಲೆನ್ಸ್ ಇಲ್ಲಮ್ಮಾ" ಅಂದಳು.

ಆ ಮಾತು ಅವಳದ್ದಲ್ಲ, ನನ್ನದು. ಎರಡು ವಾರದ ಹಿಂದೆ ಹಾಸನದಲ್ಲಿರುವ ನಮ್ಮಮ್ಮನ ಜತೆ ಫೋನಿನಲ್ಲಿ ಮಾತಾಡುತ್ತಾ, "ಎಲ್ಲಾ ಮಕ್ಕಳೂ ಆಡ್ತವೆ, ಇವಳಿಗೆ ಬ್ಯಾಲೆನ್ಸ್ ಸ್ವಲ್ಪ ಕಮ್ಮಿ ಕಣಮ್ಮ" ಅಂತ ನಾನೇ ಹೇಳಿದ್ದೆ. ಮಕ್ಕಳು ಬೇಡದ್ದನ್ನೇ ಚೆನ್ನಾಗಿ ಕೇಳಿಸಿಕೊಳ್ಳುತ್ತವೆ.

ಆ ಬೋರ್ಡ್ ತಂದದ್ದು ನಮ್ಮ ಮನೆ ಹತ್ತಿರದ ಒಂದು ಆಟಿಕೆ ಅಂಗಡಿಯಿಂದ. ಗುಲಾಬಿ ಬಣ್ಣ, ಮೇಲೊಂದು ಕೊಂಬಿನ ಕುದುರೆ ಚಿತ್ರ, ಜತೆಗೆ ಹೆಲ್ಮೆಟ್ ಮತ್ತು ಮೊಣಕಾಲಿನ ಪ್ಯಾಡ್ ಉಚಿತ. ಎಲ್ಲಾ ಸೇರಿ 1,600 ರೂಪಾಯಿ. ನಮಗೂ ಖುಷಿ, ಬಜೆಟ್ಟಿಗೂ ಖುಷಿ.

ನಿಜ ಗೊತ್ತಾಗಿದ್ದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ಇನ್ನೊಂದು ಸಲ ಪ್ರಯತ್ನ ಮಾಡೋಣ ಬಾ ಅಂತ ಮಗಳನ್ನು ಎಳೆದುಕೊಂಡು ಹೋಗಿದ್ದೆ. ಮೂರನೇ ಮಹಡಿಯ ಕಾಲೇಜು ಹುಡುಗ ಬೈಕ್ ನಿಲ್ಲಿಸಿ ಬಂದು, ಬೋರ್ಡನ್ನು ಬೋರಲು ಹಾಕಿ ಬೆರಳಿನಿಂದ ಒಂದು ಚಕ್ರ ತಿರುಗಿಸಿದ. ಎರಡು ಸುತ್ತಿಗೇ ನಿಂತುಹೋಯಿತು. ತನ್ನ ಬೋರ್ಡ್ ತಂದು ಅದೇ ಥರ ತಿರುಗಿಸಿದ. ನಾವು ಮಾತಾಡುತ್ತಿದ್ದಷ್ಟು ಹೊತ್ತೂ ಅದು ಸುತ್ತುತ್ತಲೇ ಇತ್ತು. "ಆಂಟಿ, ಇದು ಬೋರ್ಡ್ ಅಲ್ಲ. ಬೋರ್ಡ್ ಥರ ಇರೋ ಆಟದ ಸಾಮಾನು" ಅಂದ.

ಅವನು ಹೇಳಿಕೊಟ್ಟ ಇನ್ನೊಂದು ಸಂಗತಿ ಮುಖ್ಯವಾದದ್ದು. ಹಲಗೆ ಮತ್ತು ಚಕ್ರದ ನಡುವೆ ಇರುವ ಲೋಹದ ಭಾಗಕ್ಕೆ ಟ್ರಕ್ ಅನ್ನುತ್ತಾರೆ. ಅದರೊಳಗೆ ರಬ್ಬರಿನಂಥ ಮೆತ್ತನೆಯ ಬುಷ್‌ಗಳು ಇರುತ್ತವೆ, ನಮ್ಮ ಸ್ಕೂಟರ್ ಮೆಕ್ಯಾನಿಕ್ ಬಾಯಲ್ಲಿ ಕೇಳುತ್ತೀವಲ್ಲ, ಅಂಥದ್ದೇ. ನೀವು ಎಡಕ್ಕೆ ವಾಲಿದರೆ ಆ ಬುಷ್ ಒತ್ತಿಕೊಂಡು ಬೋರ್ಡ್ ಎಡಕ್ಕೆ ತಿರುಗುತ್ತದೆ. ಸ್ಕೇಟ್‌ಬೋರ್ಡಿಗೆ ಹ್ಯಾಂಡಲ್ ಇಲ್ಲ, ವಾಲುವುದೇ ಹ್ಯಾಂಡಲ್. ನಾವು ಕೊಂಡದ್ದರಲ್ಲಿ ಟ್ರಕ್ ಪ್ಲಾಸ್ಟಿಕ್‌ನದು, ಬುಷ್ ಕಲ್ಲಿನಷ್ಟು ಗಟ್ಟಿ. ಮಗು ವಾಲಿದರೂ ಬೋರ್ಡ್ ತಿರುಗುವುದಿಲ್ಲ. ಬೋರ್ಡ್ ನೇರ ಹೋಗುತ್ತದೆ, ಮಗು ಪಕ್ಕಕ್ಕೆ ಬೀಳುತ್ತದೆ. ಮೂರು ವಾರ ನನ್ನ ಮಗಳು ಮಾಡಿದ್ದು ಇದನ್ನೇ. ಸರಿಯಾಗಿಯೇ ವಾಲುತ್ತಿದ್ದಳು, ಸರಿಯಾಗಿ ವಾಲಿದ್ದಕ್ಕೇ ಬೀಳುತ್ತಿದ್ದಳು.

ಸರಿ, ಒಳ್ಳೇ ಅಂಗಡಿ ಹುಡುಕೋಣ ಅಂತ ಹೊರಟೆವು.

"ಸ್ಕೇಟಿಂಗಾ ಮೇಡಂ?"

ಬೆಂಗಳೂರಿನಲ್ಲೇ ಇದ್ದುಕೊಂಡು ಸ್ಕೇಟ್‌ಬೋರ್ಡ್ ಅಂಗಡಿ ಹುಡುಕುವುದು ಇಷ್ಟು ಕಷ್ಟ ಅಂದುಕೊಂಡಿರಲಿಲ್ಲ. ನಮ್ಮೂರುಗಳಲ್ಲಿ ಸ್ಕೇಟಿಂಗ್ ಅಂದರೆ ಚಕ್ರದ ಶೂ. ಬೆಳಗ್ಗೆ ಆರಕ್ಕೆ ಕೋಚ್, ರಿಂಕ್, ಸಾಲಾಗಿ ಓಡುವ ಮಕ್ಕಳು, ಗೋಡೆ ತುಂಬಾ ಮೆಡಲ್. ಆ ಲೋಕಕ್ಕೆ ಬೇಕಾದ ಸಾಮಾನು ಎಲ್ಲಾ ಕಡೆ ಸಿಗುತ್ತದೆ. ಬೋರ್ಡಿನ ಲೋಕ ಬೇರೆಯೇ. ಮುಖ್ಯರಸ್ತೆಯ ಹಳೇ ಕ್ರೀಡಾ ಸಾಮಗ್ರಿ ಅಂಗಡಿಯ ಯಜಮಾನರು ಕ್ರಿಕೆಟ್ ಬ್ಯಾಟಿನ ಬಗ್ಗೆ ಕೇಳಿದರೆ ಅರ್ಧ ಗಂಟೆ ಮಾತಾಡುವಂಥವರು. ಬೋರ್ಡ್ ಕೇಳಿದ್ದಕ್ಕೆ ಅಟ್ಟದಿಂದ ಧೂಳು ಹಿಡಿದ ಡಬ್ಬ ಇಳಿಸಿದರು. ನಾನು ಚಕ್ರ ತಿರುಗಿಸಿ ನೋಡಿದ್ದು ಕಂಡು, "ನಮಗೆ ಇದ್ರ ಬಗ್ಗೆ ಅಷ್ಟು ಗೊತ್ತಿಲ್ಲಮ್ಮ, ಬರೋದನ್ನ ಮಾರ್ತೀವಿ" ಅಂತ ಪ್ರಾಮಾಣಿಕವಾಗಿ ಹೇಳಿದರು. ಅವರ ಮೇಲೆ ಗೌರವ ಬಂತು. ಬೋರ್ಡ್ ತಗೊಳ್ಳಲಿಲ್ಲ.

ಎರಡನೆಯದು ಮಾಲ್ ಒಳಗಿನ ಅಂಗಡಿ. ಅಲ್ಲಿನ ಹುಡುಗ "ವಯಸ್ಸೆಷ್ಟು?" ಅಂತ ಕೇಳಿದ, ಎಂಟು ಅಂದೆ, ಪೆನ್ನಿ ಬೋರ್ಡ್ ಥರದ ಪುಟ್ಟ ಪ್ಲಾಸ್ಟಿಕ್ ಬೋರ್ಡ್ ಕೈಗಿಟ್ಟ. ಚಿಕ್ಕ ಮಗು, ಅದಕ್ಕೆ ಚಿಕ್ಕ ಬೋರ್ಡ್. ಕೇಳೋಕೆ ಸರಿ ಅನ್ನಿಸುತ್ತೆ ಅಲ್ವಾ? ತಪ್ಪು. 22 ಇಂಚು ಉದ್ದದ ಆ ಬೋರ್ಡುಗಳು ಸವಾರಿ ಬಂದವರಿಗೆ ಓಡಾಡಲು ಚೆಂದ. ಆದರೆ ಹಲಗೆ ಕಿರಿದು, ಕಾಲಿಡಲು ಜಾಗ ಕಡಿಮೆ. ಕಲಿಯುವ ಮಗುವಿಗೆ ಎರಡು ಪಾದವೂ ಆರಾಮಾಗಿ ಕೂರುವ ಅಗಲ ಬೇಕು.

ಮೂರನೆಯದು ನಗರದ ಹೊರಗೆ ಗೋಡೌನಿನಂತೆ ಹರಡಿಕೊಂಡಿರುವ ದೊಡ್ಡ ಕ್ರೀಡಾ ಮಳಿಗೆ. ನಿಜ ಹೇಳಬೇಕೆಂದರೆ ತುಂಬಾ ಜನಕ್ಕೆ ಇದೇ ಸಾಕು. ಮಕ್ಕಳ ಅಳತೆಯ ಮರದ ಬೋರ್ಡ್ ಇತ್ತು, ಟ್ರಕ್ ಲೋಹದ್ದು, ಚಕ್ರ ಪಾಲಿಯುರೆಥೇನ್‌ನದು, ಅಲ್ಲೇ ಹತ್ತಿ ನೋಡಬಹುದು. ಮಗಳು ಮಾತ್ರ ಹತ್ತಲಿಲ್ಲ. ಸುತ್ತ ಜನ ನೋಡುತ್ತಿದ್ದರು. ನನ್ನ ದುಪ್ಪಟ್ಟಾ ಹಿಡಿದು, "ಬೇಡ, ಮನೆಗೆ ಹೋಗಣ" ಅಂದಳು. ಬೋರ್ಡ್ ಸಿಕ್ಕರೂ ಸಮಸ್ಯೆ ಮುಗಿಯಲಿಲ್ಲ ಅಂತ ಆಗ ಅರ್ಥವಾಯಿತು.

ಬೋರ್ಡ್ ನೋಡುವ ಮೊದಲು ಕಾಲು ನೋಡಿದವರು

ನಾಲ್ಕನೆಯ ಅಂಗಡಿ ತೋರಿಸಿದ್ದು ಮತ್ತೆ ಮೂರನೇ ಮಹಡಿಯ ಹುಡುಗನೇ. ಸ್ಕೇಟ್ ಮಾಡುವವರೇ ನಡೆಸುವ, ಒಂದು ಕೋಣೆಯಷ್ಟು ಜಾಗ. ಹೊರಗಿನಿಂದ ನೋಡಿದರೆ ಅಂಗಡಿ ಅಂತಲೇ ಗೊತ್ತಾಗಲ್ಲ.

ಬೆಂಗಳೂರಿನಲ್ಲಿ ಇಂಥವರು ಇರುವುದು ಆಕಸ್ಮಿಕವಲ್ಲ. 2010ರ ದಶಕದ ಆರಂಭದಲ್ಲೇ ಇಲ್ಲಿನ ಹುಡುಗರು ಹೋಲಿಸ್ಟೋಕ್ಡ್ ಕಲೆಕ್ಟಿವ್ ಅಂತ ಗುಂಪು ಕಟ್ಟಿಕೊಂಡು, ತಾವೇ ಸಿಮೆಂಟ್ ಕಲಸಿ ಸ್ಕೇಟ್‌ಪಾರ್ಕ್ ಕಟ್ಟುವ ಕೆಲಸ ಶುರುಮಾಡಿದರು, ಆಮೇಲೆ ಬೇರೆ ರಾಜ್ಯಗಳಿಗೂ ಹೋಗಿ ಕಟ್ಟಿದರು. 2015ರಲ್ಲಿ ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಎಂಬ ಹಳ್ಳಿಯಲ್ಲಿ ಸ್ಕೇಟ್‌ಪಾರ್ಕ್ ಬಂತು. ಅಲ್ಲಿ ಎರಡು ನಿಯಮ: ಹೆಣ್ಣುಮಕ್ಕಳಿಗೆ ಮೊದಲು, ಶಾಲೆಗೆ ಹೋಗದಿದ್ದರೆ ಬೋರ್ಡ್ ಇಲ್ಲ. ಟೋಕಿಯೋ ಒಲಿಂಪಿಕ್ಸಿನಲ್ಲಿ, ಅಂದರೆ 2021ರಲ್ಲಿ, ಸ್ಕೇಟ್‌ಬೋರ್ಡಿಂಗ್ ಮೊದಲ ಸಲ ಸೇರಿ, ಹದಿಮೂರು ವರ್ಷದ ಜಪಾನಿನ ಹುಡುಗಿ ಮೊಮಿಜಿ ನಿಶಿಯಾ ಚಿನ್ನ ಗೆದ್ದಳು. ಅದರ ವಿಡಿಯೋ ನೋಡಿಯೇ ನನ್ನ ಮಗಳು ಬೋರ್ಡ್ ಬೇಕು ಅಂದದ್ದು.

ಅಂಗಡಿಯ ಹುಡುಗ ನನ್ನನ್ನು ಮಾತಾಡಿಸಲೇ ಇಲ್ಲ. ಮಂಡಿಯೂರಿ ಕೂತು ಮಗಳನ್ನು ಕೇಳಿದ, "ಎಲ್ಲಿ ಆಡ್ತೀಯಾ? ನೆಲ ನುಣುಪಾಗಿದ್ಯಾ, ಒರಟಾಗಿದ್ಯಾ?" ಯಾರೂ ಇಲ್ಲಿವರೆಗೆ ಅವಳನ್ನು ಏನೂ ಕೇಳಿರಲಿಲ್ಲ. "ಬೇಸ್‌ಮೆಂಟಲ್ಲಿ. ರೋಡಲ್ಲೂ" ಅಂದಳು ಮೆಲ್ಲಗೆ. ಶೂ ಬಿಚ್ಚಿಸಿ, ಸಾಕ್ಸಿನಲ್ಲಿ ನುಣುಪು ನೆಲದ ಮೇಲೆ ಓಡಿ ಬಂದು ಜಾರು ಅಂದ. ಅವಳು ಜಾರಿದಳು, ಬಲಗಾಲು ಮುಂದೆ ಬಂತು. "ಓ, ನೀನು ಗೂಫಿ!" ಅಂದ. ಎಡಗಾಲು ಮುಂದಿಟ್ಟು ನಿಲ್ಲುವವರು ರೆಗ್ಯುಲರ್, ಬಲಗಾಲು ಮುಂದಿಡುವವರು ಗೂಫಿ. ಎರಡೂ ಸರಿಯೇ, ಎಡಗೈ ಬಲಗೈ ಬರಹ ಇದ್ದ ಹಾಗೆ. ಮೂರು ವಾರ ನಾನು ಅವಳನ್ನು ಎಡಗಾಲು ಮುಂದಿಟ್ಟೇ ನಿಲ್ಲಿಸಿದ್ದೆ, ಯೂಟ್ಯೂಬಿನಲ್ಲಿ ಹಾಗೇ ಇತ್ತು ಅಂತ.

ಆಮೇಲೆ ಒಂದು ಬೋರ್ಡನ್ನು ಕಾರ್ಪೆಟ್ ಮೇಲಿಟ್ಟ. ಕಾರ್ಪೆಟ್ ಮೇಲೆ ಚಕ್ರ ಓಡುವುದಿಲ್ಲ, ಭಯ ಇಲ್ಲ. ಹತ್ತಿ ನಿಂತು ವಾಲಲು ಹೇಳಿದ. ಸ್ವಲ್ಪವೇ ಅಲುಗಾಡಿತು. ಕೈಯಲ್ಲೊಂದು ಸ್ಪಾನರ್ ತಗೊಂಡು ಟ್ರಕ್ಕಿನ ನಡುವಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದ. ಮತ್ತೆ ವಾಲು ಅಂದ. ಈ ಸಲ ಹಲಗೆ ಅವಳ ಕಾಲಿನ ಜತೆಗೇ ವಾಲಿತು. "ಫ್ಯಾಕ್ಟ್ರಿಯಿಂದ ಟೈಟಾಗಿ ಬರುತ್ತೆ ಮೇಡಂ. ಇವ್ಳು ಇಪ್ಪತ್ತೈದು ಕೇಜಿ ಇರಬಹುದು. ಇವ್ಳ ಭಾರಕ್ಕೆ ಅದು ಬಗ್ಗಲ್ಲ. ಹಾಗಂತ ಪೂರ್ತಿ ಸಡಿಲ ಮಾಡಿದ್ರೆ ವೇಗದಲ್ಲಿ ನಡುಗುತ್ತೆ."

ನಾನು ಮನೆಯಿಂದ ಹಳೇ ಗುಲಾಬಿ ಬೋರ್ಡನ್ನೂ ಚೀಲದಲ್ಲಿ ತಂದಿದ್ದೆ, ಅದನ್ನೇ ರಿಪೇರಿ ಮಾಡಲು ಆಗುತ್ತಾ ಅಂತ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ ನೋಡಿ, ಮಗಳ ಕಡೆ ತಿರುಗಿ ಹೇಳಿದ: "ಇದ್ರಲ್ಲಿ ನಂಗೂ ಓಡ್ಸಕ್ಕೆ ಬರಲ್ಲ."

ಮಗಳು ನನ್ನ ಮುಖ ನೋಡಿದಳು. ಆ ನೋಟಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಸಾರಿ ಪುಟ್ಟಾ" ಅಂದೆ, ಅಂಗಡಿಯಲ್ಲೇ.

ಕೊಳ್ಳುವ ಮುಂಚೆ

ಅವನು ಕಲಿಸಿದ್ದನ್ನು ನಿಮಗೂ ಹೇಳಿಬಿಡ್ತೀನಿ. ಹಲಗೆ ಸಾಮಾನ್ಯವಾಗಿ ಏಳು ಪದರದ ಮೇಪಲ್ ಮರದ್ದಾಗಿರಬೇಕು, ಅಂಚಿನಲ್ಲಿ ಪದರಗಳು ಗೆರೆ ಗೆರೆಯಾಗಿ ಕಾಣುತ್ತವೆ. ಎಂಟರ ಆಸುಪಾಸಿನ ಮಗುವಿಗೆ ಅಗಲ 7.25ರಿಂದ 7.5 ಇಂಚು ಸಾಕು. ಪಾದ ದೊಡ್ಡದಿದ್ದರೆ ಸ್ವಲ್ಪ ಹೆಚ್ಚು. "ಬೆಳೆಯೋ ಮಗು" ಅಂತ ಯೂನಿಫಾರ್ಮ್ ಕೊಂಡ ಹಾಗೆ ಎರಡು ಸೈಜ್ ದೊಡ್ಡದು ತರಬೇಡಿ, ತಿರುಗಿಸಲು ಆಗಲ್ಲ.

ಚಕ್ರದ ವಿಷಯದಲ್ಲಿ ನಮ್ಮ ರಸ್ತೆಗಳನ್ನು ನೆನಪಿಟ್ಟುಕೊಳ್ಳಿ. ವಿಡಿಯೋಗಳಲ್ಲಿ ಕಾಣುವುದು 52 ಮಿಲಿಮೀಟರಿನ, 99ಎ ಗಡಸಿನ ಚಕ್ರ. ಸ್ಕೇಟ್‌ಪಾರ್ಕಿನ ನುಣುಪಿಗೆ ಅದು ಸರಿ. ನಮ್ಮ ಲೇಔಟ್ ರಸ್ತೆಯಲ್ಲಿ ಒಂದು ಚೂರು ಜಲ್ಲಿಕಲ್ಲು ಸಿಕ್ಕರೆ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ, ಮಗು ಮುಂದಕ್ಕೆ ಹಾರುತ್ತದೆ. 78ಎ ಆಸುಪಾಸಿನ ಮೆತ್ತನೆಯ, ಸ್ವಲ್ಪ ದೊಡ್ಡ ಚಕ್ರ ಕಲ್ಲಿನ ಮೇಲೆ ಹತ್ತಿ ಇಳಿಯುತ್ತದೆ. ಸದ್ದೂ ಕಡಿಮೆ, ಅಸೋಸಿಯೇಷನ್ ಗ್ರೂಪಿನಲ್ಲಿ ಮೆಸೇಜೂ ಕಡಿಮೆ.

ಬೇರಿಂಗ್ ಮೇಲೆ ದೊಡ್ಡದಾಗಿ "ಎಬೆಕ್ 9", "ಎಬೆಕ್ 11" ಅಂತ ಬರೆದಿರುತ್ತಾರೆ. ಅದು ಯಂತ್ರಗಳಿಗಾಗಿ ಮಾಡಿದ ಅಳತೆಯ ನಿಖರತೆಯ ದರ್ಜೆ, ಮಗುವಿನ ಬೋರ್ಡಿಗೆ ಅದರಿಂದ ದೊಡ್ಡ ವ್ಯತ್ಯಾಸ ಇಲ್ಲ. ಒಳಗಿರುವುದು 608 ಅನ್ನುವ ಮಾಮೂಲಿ ಸೈಜು, ಚಕ್ರದ ಶೂಗಳಲ್ಲಿ ಇರುವುದೂ ಸಾಮಾನ್ಯವಾಗಿ ಅದೇ. ತುಕ್ಕು ಹಿಡಿದರೆ ಬೇರಿಂಗ್ ಮಾರುವ ಅಂಗಡಿಯಲ್ಲೂ ಕೇಳಬಹುದು. ತುಕ್ಕು ಹಿಡಿಯುವುದು ಮಳೆಯಲ್ಲಿ ಆಡಿದರೆ. ನೀರು ಹಲಗೆಯ ಪದರಗಳನ್ನೂ ಬಿಡಿಸುತ್ತದೆ, ಜೂನ್ ಬಂದರೆ ಬೋರ್ಡ್ ಒಳಗೆ.

ಹೆಲ್ಮೆಟ್ ಅಂದಾಗ ಅವನು ಹಟ ಹಿಡಿದ. ಉಚಿತವಾಗಿ ಬಂದ ನಮ್ಮ ಹೆಲ್ಮೆಟ್ ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು. ಸ್ಕೇಟ್ ಹೆಲ್ಮೆಟ್ ತಲೆಯ ಹಿಂಭಾಗವನ್ನೂ ಚೆನ್ನಾಗಿ ಮುಚ್ಚಬೇಕು, ಕಲಿಯುವವರು ಹಿಂದಕ್ಕೆ ಬೀಳುವುದೇ ಹೆಚ್ಚು. ಒಳಗೆ ಇಎನ್ 1078 ಅಂತ ಇದೆಯಾ ನೋಡಿ, ಸೈಕಲ್ ಮತ್ತು ಸ್ಕೇಟಿಂಗ್ ಹೆಲ್ಮೆಟ್ಟಿನ ಯುರೋಪಿನ ಮಾನದಂಡ ಅದು. ಮಣಿಕಟ್ಟಿನ ಗಾರ್ಡ್ ಬಿಡಬೇಡಿ, ಬೀಳುವಾಗ ಕೈಯೂರುವುದು ಎಲ್ಲರ ಸಹಜ ಬುದ್ಧಿ. ಐದು ವರ್ಷದೊಳಗಿನ ಮಕ್ಕಳಿಗೆ ಸ್ಕೇಟ್‌ಬೋರ್ಡ್ ಬೇಡವೇ ಬೇಡ, ಹತ್ತರವರೆಗೂ ದೊಡ್ಡವರು ಪಕ್ಕದಲ್ಲೇ ಇರಬೇಕು ಅನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ. ಪಕ್ಕದಲ್ಲಿ ಅಂದರೆ ಫೋನ್ ನೋಡುತ್ತಾ ಬೆಂಚಿನಲ್ಲಿ ಕೂರುವುದಲ್ಲ. ಇದು ನನಗೆ ನಾನೇ ಹೇಳಿಕೊಂಡದ್ದು.

ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿರುವ ಗೆಳತಿಯರು "ನಮ್ಮಲ್ಲಿ ಅಂಥ ಅಂಗಡಿ ಎಲ್ಲಿದೆ?" ಅಂದರು. ಸ್ಕೇಟರ್‌ಗಳೇ ನಡೆಸುವ ಅಂಗಡಿಗಳು ಆನ್‌ಲೈನಿನಲ್ಲೂ ಮಾರುತ್ತವೆ. ಕೊಳ್ಳುವ ಮುಂಚೆ ಫೋನ್ ಮಾಡಿ. ಅವರು ಮಗುವಿನ ಎತ್ತರ, ಶೂ ಸೈಜು, ಆಡುವ ನೆಲ ಕೇಳಿದರೆ ಮಾತು ಮುಂದುವರಿಸಿ. ಮೊದಲ ಪ್ರಶ್ನೆಯೇ "ಬಜೆಟ್ ಎಷ್ಟು?" ಆಗಿದ್ದರೆ ಇನ್ನೊಂದು ಕಡೆ ವಿಚಾರಿಸಿ.

ಆ ದಿನ ನಾವು ಬೋರ್ಡ್ ಕೊಳ್ಳಲಿಲ್ಲ. ಅಂಗಡಿಯವನೇ ಕೊಡಲಿಲ್ಲ! "ಎರಡು ಶನಿವಾರ ಬನ್ನಿ. ನಮ್ಮ ಬೋರ್ಡಲ್ಲಿ ಆಡ್ಲಿ. ಆಮೇಲೂ ಬೇಕು ಅಂದ್ರೆ ತಗೊಳ್ಳಿ. ಹೆಲ್ಮೆಟ್ ಮಾತ್ರ ಇವತ್ತೇ ತಗೊಳ್ಳಿ." ವ್ಯಾಪಾರದ ಜಾಣತನವೂ ಇರಬಹುದು, ಎರಡು ಶನಿವಾರ ಹೋದವರು ಬರಿಗೈಲಿ ಬರುತ್ತಾರಾ? ನಾವೂ ಬರಲಿಲ್ಲ. ಮೂರನೇ ಶನಿವಾರ 5,400 ರೂಪಾಯಿ ಕೊಟ್ಟೆವು. ಮೊದಲೇ ಕೊಟ್ಟಿದ್ದರೆ 1,600 ಉಳಿಯುತ್ತಿತ್ತು ಅಂತ ನನ್ನ ಗಂಡ ಇವತ್ತಿಗೂ ನೆನಪಿಸುತ್ತಾರೆ.

ಗುಲಾಬಿ ಬೋರ್ಡ್ ಈಗ ಬಾಲ್ಕನಿಯಲ್ಲಿ ತುಳಸಿ ಕುಂಡದ ಕೆಳಗಿದೆ. ಬಿಸಿಲು ಬಂದ ಕಡೆ ತಳ್ಳಬಹುದು ಅಂದುಕೊಂಡಿದ್ದೆ. ತಳ್ಳಿದರೆ ಬರಲ್ಲ, ಎತ್ತಿಯೇ ಇಡಬೇಕು.

ಮಗಳು ಇನ್ನೂ ಬೀಳುತ್ತಾಳೆ. ಮೊನ್ನೆ ಬೇಸ್‌ಮೆಂಟಿನ ಇಳಿಜಾರಿನ ಹತ್ತಿರ ಬಿದ್ದು ಮೊಣಕೈ ತರಚಿಕೊಂಡಳು. ನಾನು ಓಡಿ ಹೋಗುವಷ್ಟರಲ್ಲಿ ಬೋರ್ಡನ್ನು ಬೋರಲು ಹಾಕಿಕೊಂಡು, ಚಕ್ರವನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಿದ್ದಳು. "ಚೆನ್ನಾಗೇ ಇದೆ ಅಮ್ಮಾ," ಅಂದಳು, "ನಾನೇ ಜಾಸ್ತಿ ವಾಲಿಬಿಟ್ಟೆ."