ದಫ್ ತಂಡದ ಹುಡುಗರಿಗೆ ಈ ಸಲ ಇನ್ನೊಂದು ಕೆಲಸ

ಸಫರ್ ತಿಂಗಳು ಮುಗಿಯುತ್ತಾ ಬಂದರೆ ನಮ್ಮ ಮದರಸದ ಹಿಂದಿನ ಜಗಲಿಯಲ್ಲಿ ಇಶಾ ನಮಾಝಿನ ನಂತರ ದಫ್ ಸದ್ದು ಶುರುವಾಗುತ್ತದೆ. ಈ ವರ್ಷವೂ ಶುರುವಾಗಿದೆ. ಹತ್ತನ್ನೆರಡು ಮಕ್ಕಳು, ಕಲಿಸಲಿಕ್ಕೆ ಒಬ್ಬ ಹಿರಿಯ ಹುಡುಗ. ಮಂಗಳೂರಿನ ಮಳೆಗೆ ಆಡಿನ ಚರ್ಮ ಸಡಿಲಾಗಿ ದಫ್ ಮಂಕಾಗುತ್ತದೆ. ಮೊದಲೆಲ್ಲ ಒಲೆಯ ಹತ್ತಿರ ಹಿಡಿದು ಬಿಸಿ ಮಾಡಿ ಬಾರಿಸುತ್ತಿದ್ದರು. ಈಗ ಫೈಬರಿನದ್ದು ಬಂದಿದೆ, ಬೋಲ್ಟ್ ತಿರುಗಿಸಿದರೆ ಆಯ್ತು. ಸದ್ದು ಜೋರು ನಿಜ, ಆದರೆ ಚರ್ಮದ ಆ ಗುಂಯ್ ಎನ್ನುವ ನಾದ ಅದರಲ್ಲಿಲ್ಲ ಅಂತ ನನಗೆ ಅನಿಸುತ್ತದೆ.

ಮುಂದಿನ ಕಾರ್ಯಕ್ರಮಗಳು ನಿಮಗೆ ಗೊತ್ತಿರುವುದೇ. ರಬೀವುಲ್ ಅವ್ವಲ್ ಚಂದ್ರ ಕಂಡ ಮೇಲೆ ಮೌಲಿದ್, ಮೀಲಾದ್ ಜಾಥಾ, ಮಕ್ಕಳ ಸ್ಟೇಜ್ ಕಾರ್ಯಕ್ರಮ. ಅದು ಮುಗಿದರೆ ಅಕ್ಟೋಬರ್ 3ರ ಬ್ಯಾರಿ ಭಾಷಾ ದಿನ. 2009ರಲ್ಲಿ ಸರಕಾರ ನಮ್ಮ ಭಾಷೆಗೊಂದು ಸಾಹಿತ್ಯ ಅಕಾಡೆಮಿ ಕೊಟ್ಟ ನೆನಪಿಗೆ ಆ ದಿನದ ಆಚರಣೆ. ಹುಡುಗರು ಎರಡಕ್ಕೂ ತಯಾರಾಗುತ್ತಿದ್ದಾರೆ.

ಕಳೆದ ವಾರ ಒಂದು ಸಂಗತಿ ನಡೆಯಿತು. ಮೊಮ್ಮಗನನ್ನು ಕರೆದುಕೊಂಡು ಹೋಗಲು ಬಂದ ಅಜ್ಜಿಯೊಬ್ಬರು ಸ್ವಲ್ಪ ಹೊತ್ತು ನಿಂತು ಕೇಳಿದರು. ನಂತರ, "ಉಸ್ತಾದರೇ, ಇದೆಲ್ಲ ಮೊಬೈಲಿನ ಹಾಡು ಅಲ್ವಾ? ನಮ್ಮ ಮನೆಯದ್ದು ಒಂದೂ ಇಲ್ಲವಾ?" ಅಂದರು. ಹೌದು, ನಮ್ಮ ತಂಡ ಹಾಡುವುದು ಹೆಚ್ಚಿನದೆಲ್ಲ ಯೂಟ್ಯೂಬಿನಿಂದ ಇಳಿಸಿದ ಮಲಯಾಳ ಹಾಡು. ನನಗೆ ಉತ್ತರ ಹೊಳೆಯಲಿಲ್ಲ. ಅಜ್ಜಿ ಬಾಗಿಲ ಬದಿಯಲ್ಲಿ ನಿಂತೇ, ತಗ್ಗಿದ ಸ್ವರದಲ್ಲಿ ಮೈಲಾಂಜಿ ಹಚ್ಚುವಾಗಿನ ಒಂದು ಪಾಟ್ ಶುರು ಮಾಡಿದರು. ಅದರಲ್ಲಿ ಮದುಮಗಳ ಅಣ್ಣಂದಿರಿದ್ದರು, ಬೊಂಬಾಯಿಗೆ ಹೋದವನ ಪೆಟ್ಟಿಗೆ ಇತ್ತು, ಗಂಡಿನ ಕಡೆಯವರ ಊಟದ ಬಗ್ಗೆ ತಮಾಷೆ ಇತ್ತು. ಹುಡುಗರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ನಾಲ್ಕನೇ ಸಾಲಿಗೆ ಅಜ್ಜಿಗೆ ಮರೆತುಹೋಯಿತು. "ನನ್ನ ತಂಗಿಗೆ ಗೊತ್ತಿತ್ತು, ಅವಳೂ ಹೋದಳು" ಅಂದು ಮೊಮ್ಮಗನ ಕೈ ಹಿಡಿದು ಹೊರಟರು.

ಆ ರಾತ್ರಿ ನನಗೆ ನನ್ನ ಉಮ್ಮನ ತಾಯಿ ನೆನಪಾದರು. ಅವರಿಗೆ ಒಪ್ಪನೆ ಪಾಟ್ ಬರುತ್ತಿತ್ತು, ತೊಟ್ಟಿಲು ತೂಗುವಾಗಿನದ್ದೂ ಬರುತ್ತಿತ್ತು. ಮೊಬೈಲು ಕೈಯಲ್ಲೇ ಇತ್ತು. ಈ ರಂಝಾನ್ ಕಳೆಯಲಿ, ಕೂತು ರೆಕಾರ್ಡ್ ಮಾಡುವ ಅಂತ ಎರಡು ವರ್ಷ ಹೇಳಿಕೊಂಡೆ. ಈಗ ಉಮ್ಮನ ಬಾಯಲ್ಲಿ ಎರಡು ಸಾಲು ಉಳಿದಿದೆ, ಅಷ್ಟೇ. ನಾಲಾಯಕ್ ಕೆಲಸ ಮಾಡಿದ್ದು ನಾನೇ.

ಪಕ್ಕದ ಕಾಸರಗೋಡಿನಲ್ಲಿ ಇದಕ್ಕೆ ಹೋರಾಡಿದವರಿದ್ದರು. ತಳಂಗರೆಯ ಕವಿ ಟಿ. ಉಬೈದ್ (1908–1972) ಕನ್ನಡವನ್ನೂ ಬಲ್ಲವರು. 1947ರಲ್ಲಿ ಕೋಝಿಕ್ಕೋಡಿನ ಸಾಹಿತ್ಯ ಪರಿಷತ್ತಿನ ಸಭೆಯಲ್ಲಿ ಎದ್ದು ನಿಂತು, ಮಾಪಿಳ್ಳೆ ಪಾಟೂ ಸಾಹಿತ್ಯವೇ ಎಂದು ವಾದಿಸಿ, ಪಂಡಿತರು ತಲೆದೂಗುವ ಹಾಗೆ ಮಾಡಿದರು. ಆದರೆ ಅವರ ಕೈಯಲ್ಲಿ ತೋರಿಸಲಿಕ್ಕೆ ಪುಸ್ತಕಗಳಿದ್ದವು. ಕೊಂಡೋಟಿಯ ಮೊಯಿನ್ ಕುಟ್ಟಿ ವೈದ್ಯರ ಕಾವ್ಯ 1872ರದ್ದು, ಮುಹ್ಯಿದ್ದೀನ್ ಮಾಲೆ 1607ರದ್ದು, ಎಲ್ಲ ಅರಬಿ ಮಲಯಾಳ ಲಿಪಿಯಲ್ಲಿ ಬರೆದಿಟ್ಟದ್ದು. ಇವತ್ತು ಕೇರಳದ ಶಾಲಾ ಕಲೋತ್ಸವದಲ್ಲಿ ಒಪ್ಪನ, ಕೋಲ್ಕಳಿ, ದಫ್ ಎಲ್ಲದಕ್ಕೂ ಸ್ಪರ್ಧೆ ಇದೆ. ನಮ್ಮ ಹೆಂಗಸರ ಹಾಡುಗಳು ಹೆಚ್ಚಾಗಿ ಬಾಯಲ್ಲೇ ಇದ್ದವು. ಬಾಯಿ ಮುಚ್ಚಿದರೆ ಹಾಡೂ ಹೋಯ್ತು.

ದಫ್‌ಗೆ ಆ ಭಯ ಇಲ್ಲ. ಅದಕ್ಕೆ ರಾತೀಬ್ ಇದೆ, ಜಾಥಾ ಇದೆ, ಟ್ರೋಫಿ ಇದೆ. (ಟ್ರೋಫಿಗಾಗಿ ರಾತ್ರಿ ಒಂದು ಗಂಟೆಯವರೆಗೆ ಮೈಕ್ ಇಡುವುದು, ತೀರ್ಪುಗಾರರ ಜೊತೆ ಜಗಳ ಮಾಡುವುದು ಬೇಡ ಮಾರ್ರೆ, ಪಕ್ಕದ ಮನೆಯಲ್ಲಿ ಕಾಯಿಲೆಯವರಿರುತ್ತಾರೆ.) ಮೈಲಾಂಜಿ ಪಾಟಿಗೆ ಹಾಲ್‌ನ ಸೌಂಡ್ ಬಾಕ್ಸ್ ಎದುರು ನಿಲ್ಲುವ ಶಕ್ತಿ ಇಲ್ಲ.

ಹಾಗಾಗಿ ಹುಡುಗರಿಗೆ ಒಂದು ಕೆಲಸ ಕೊಟ್ಟಿದ್ದೇನೆ. ಭಾಷಾ ದಿನದೊಳಗೆ ಪ್ರತಿಯೊಬ್ಬನೂ ಮನೆಯಿಂದ ಒಂದು ಹಾಡು ತರಬೇಕು. ಕನ್ನಡ ಅಕ್ಷರದಲ್ಲಿ ಬರೆದರೆ ಸಾಕು. ಹಾಡಿದವರು ಯಾರು, ಯಾವ ಊರಿನಿಂದ ಮದುವೆಯಾಗಿ ಬಂದವರು, ಯಾವ ಸಂದರ್ಭದ್ದು ಅಂತ ಕೆಳಗೆ ಬರೆಯಬೇಕು. ಸ್ವರ ಹೊರಗೆ ಹೋಗುವುದು ಬೇಡ ಎನ್ನುವವರನ್ನು ಒತ್ತಾಯಿಸಬಾರದು. ಮನೆಯ ಹೆಣ್ಣುಮಕ್ಕಳೇ ರೆಕಾರ್ಡ್ ಮಾಡಿ ಮನೆಯಲ್ಲೇ ಇಟ್ಟುಕೊಳ್ಳಲಿ, ನಮಗೆ ಸಾಹಿತ್ಯ ಮಾತ್ರ ಕೊಡಲಿ. ರೆಕಾರ್ಡ್ ಮಾಡುವಾಗ ಫ್ಯಾನ್ ಬಂದ್ ಮಾಡಿ, ಇಲ್ಲದಿದ್ದರೆ ಬರೀ ಗಾಳಿ ಕೇಳುತ್ತದೆ. ಅಜ್ಜಿ ಮರೆತಲ್ಲಿ ನೀವು ಸೇರಿಸಬೇಡಿ, ಖಾಲಿ ಬಿಡಿ.

ನಿನ್ನೆಯವರೆಗೆ ನೋಟ್ ಪುಸ್ತಕದಲ್ಲಿ ಐದು ಹಾಡಾಗಿದೆ. ಒಂದೇ ಹಾಡು ಕುದ್ರೋಳಿಯ ಮನೆಯಿಂದ ಒಂದು ಥರ, ಉಳ್ಳಾಲದ ಮನೆಯಿಂದ ಇನ್ನೊಂದು ಥರ ಬಂದಿದೆ. ಯಾವುದು ಸರಿ ಅಂತ ಇಬ್ಬರು ಹುಡುಗರು ಜಗಳ ಮಾಡುತ್ತಿದ್ದಾರೆ. ಎರಡನ್ನೂ ಬರೆಯಲು ಹೇಳಿದ್ದೇನೆ. ಬಾಗಿಲಲ್ಲಿ ನಿಂತು ಹಾಡಿದ ಅಜ್ಜಿಯ ಹಾಡಿಗೆ ನಾಲ್ಕನೇ ಸಾಲು ಇನ್ನೂ ಸಿಕ್ಕಿಲ್ಲ. ಬೊಂಬಾಯಿ ಪೆಟ್ಟಿಗೆಯ ನಂತರ ಬರುವ ಸಾಲು. ನಿಮ್ಮ ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ, ಮದರಸಕ್ಕೆ ಬರುವ ಮಗುವಿನ ಕೈಯಲ್ಲಿ ಚೀಟಿ ಬರೆದು ಕಳಿಸಿ.