ಬೆತ್ತಕ್ಕೆ ನಿಷೇಧ: ಸೂರಿಗೊಂದು ಕಾನೂನು

ಕೂಲಿಮಠಗಳ ಕಾಲದಲ್ಲಿ ಪಾಠ ಒಪ್ಪಿಸದ ಹುಡುಗನನ್ನು ‘ಕೋದಂಡ’ಕ್ಕೆ ಏರಿಸುತ್ತಿದ್ದರು. ಜಂತಿಗೆ ಕಟ್ಟಿದ ಹಗ್ಗಕ್ಕೆ ಅವನು ಜೋತುಬೀಳಬೇಕಿತ್ತು, ಕಾಲು ನೆಲಕ್ಕೆ ತಾಗುವಂತಿರಲಿಲ್ಲ. ಕೋದಂಡ ಹೋದ ಮೇಲೂ ಬೆತ್ತ ಉಳಿಯಿತು, ಕೆಲವೆಡೆ ಕಾನೂನಿನ ಒಪ್ಪಿಗೆಯೊಂದಿಗೇ. 1973ರ ದೆಹಲಿ ಶಾಲಾ ಶಿಕ್ಷಣ ನಿಯಮಗಳು ಉದ್ಧಟ ವಿದ್ಯಾರ್ಥಿಯ ಅಂಗೈಗೆ ಹತ್ತು ಏಟು ಮೀರದಂತೆ ಹೊಡೆಯಲು ಮುಖ್ಯೋಪಾಧ್ಯಾಯರಿಗೆ ಅವಕಾಶ ಕೊಟ್ಟಿದ್ದವು. ಏಟು ಕೊಟ್ಟಿದ್ದನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು ಎಂಬ ಶಿಸ್ತೂ ಇತ್ತು! ಪೋಷಕರ ವೇದಿಕೆಯೊಂದು ಇದನ್ನು ಪ್ರಶ್ನಿಸಿತು. 2000ದ ಡಿಸೆಂಬರ್ 1ರಂದು ದೆಹಲಿ ಹೈಕೋರ್ಟ್, ಸಂವಿಧಾನದ 14 ಮತ್ತು 21ನೇ ವಿಧಿಗಳಿಗೆ ವಿರುದ್ಧವೆಂದು ಆ ನಿಯಮವನ್ನು ರದ್ದುಮಾಡಿತು.

ದೇಶದ ಮಟ್ಟದಲ್ಲಿ ನಿಷೇಧ ಬಂದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯಿಂದ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಅದರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೇ ನಿಷೇಧಿಸುತ್ತದೆ. ಕಿವಿ ಹಿಂಡುವುದು, ಬಸ್ಕಿ ಹೊಡೆಸುವುದು, ಬಿಸಿಲಲ್ಲಿ ಮಂಡಿಯೂರಿಸುವುದು ತಪ್ಪಾದಂತೆ ಜಾತಿ ಹಿಡಿದು, ಅಪ್ಪನ ಕಸುಬು ಎತ್ತಿ ಹೀಯಾಳಿಸುವುದೂ ತಪ್ಪು. ಹೀಯಾಳಿಕೆಗೆ ಬಾಸುಂಡೆ ಏಳುವುದಿಲ್ಲವಾದ್ದರಿಂದ ಅದನ್ನು ಸಾಬೀತು ಮಾಡುವುದು ಮಾತ್ರ ಕಷ್ಟ.

ಆದರೆ ಈ ಕಲಂನ ಹಿಡಿತ ಸಡಿಲ. ಹೊಡೆದವರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮ ಕೈಗೊಳ್ಳಬಹುದು ಎಂದಷ್ಟೇ ಅದು ಹೇಳುತ್ತದೆ, ಜೈಲಿನ ಮಾತಿಲ್ಲ. ಕಾಯ್ದೆಯ ಪ್ರಕಾರ ‘ಮಗು’ ಎಂದರೆ 6ರಿಂದ 14 ವರ್ಷದವರು. ಅಂಗನವಾಡಿಯ ಕೂಸು, ಪಿಯುಸಿ ವಿದ್ಯಾರ್ಥಿ ಇದರೊಳಗೆ ಬರುವುದಿಲ್ಲ. 2012ರ ತಿದ್ದುಪಡಿ ಮದರಸಾ, ವೇದ ಪಾಠಶಾಲೆಗಳನ್ನೂ ಕಾಯ್ದೆಯಿಂದ ಹೊರಗಿಟ್ಟಿತು.

ಬಾಲಮಂದಿರ, ವೀಕ್ಷಣಾಲಯದಂಥ ಆರೈಕೆ ಕೇಂದ್ರಗಳಿಗೆ 2015ರ ಬಾಲನ್ಯಾಯ ಕಾಯ್ದೆ ಅನ್ವಯಿಸುತ್ತದೆ. ಅದರ 82ನೇ ಕಲಂನಂತೆ, ಶಿಸ್ತು ಕಲಿಸುವ ನೆಪದಲ್ಲಿ ಮಗುವನ್ನು ದಂಡಿಸಿದ ಸಿಬ್ಬಂದಿಗೆ ಮೊದಲ ಸಲ 10,000 ರೂಪಾಯಿ ದಂಡ. ಮತ್ತೆ ಅದೇ ತಪ್ಪು ಮಾಡಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಕೆಲಸವೂ ಹೋಗಬಹುದು, ಮುಂದೆ ಮಕ್ಕಳ ನಡುವೆ ದುಡಿಯುವ ಅವಕಾಶವೂ ತಪ್ಪುತ್ತದೆ. ಏಟು ಕ್ರೌರ್ಯದ ಮಟ್ಟಕ್ಕೆ ಹೋದರೆ 75ನೇ ಕಲಂ ಇದೆ. ಮಗು ಯಾರ ಸುಪರ್ದಿಯಲ್ಲಿದೆಯೋ ಅವರೆಲ್ಲರಿಗೂ ಅದು ಅನ್ವಯಿಸುವುದರಿಂದ, ಶಿಕ್ಷಣ ಹಕ್ಕು ಕಾಯ್ದೆ ಮುಟ್ಟದ ಮಕ್ಕಳಿಗೂ ಆಸರೆಯಾಗುತ್ತದೆ.

ಮನೆಯೊಳಗಿನ ಏಟನ್ನು ಪೂರ್ತಿಯಾಗಿ ನಿಷೇಧಿಸುವ ಕಾನೂನು ಭಾರತದಲ್ಲಿ ಇಲ್ಲ. ಸ್ವೀಡನ್ 1979ರಲ್ಲೇ ಆ ಹೆಜ್ಜೆ ಇಟ್ಟಿತ್ತು. ಇಲ್ಲಿ ಎಷ್ಟೋ ಪೋಷಕರು ‘ನಾಲ್ಕು ಬಿಗೀರಿ ಮೇಷ್ಟ್ರೇ’ ಎಂದು ಈಗಲೂ ಮಗುವನ್ನು ಶಾಲೆಗೆ ಒಪ್ಪಿಸುತ್ತಾರೆ. ಹಾಗೆಂದು ಪೋಷಕರ ಒಪ್ಪಿಗೆಯಿಂದ 17ನೇ ಕಲಂಗೆ ವಿನಾಯಿತಿ ಸಿಗುವುದಿಲ್ಲ.